ಬೇಸಿಗೆಯಲ್ಲಿ ಬಂಡಿ ಹಳಿ ಸಡಿಲ: ಕಬ್ಬಿಣ ಕಾದರೆ ತೂತು ದೊಡ್ಡದಾಗುತ್ತದೋ, ಚಿಕ್ಕದಾಗುತ್ತದೋ?

ಬಂಡಿಮನೆ (ದಾವಣಗೆರೆ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಮರದ ಗಾಲಿಯ ಬಂಡಿ ಇದೆ. ಟ್ರ್ಯಾಕ್ಟರ್ ಬಂದ ಮೇಲೆ ಅದನ್ನು ಹೂಡುವುದು ಜಾತ್ರೆಗೆ ಮಾತ್ರ, ವರ್ಷಕ್ಕೆ ಒಂದೆರಡು ಸಲ. ಮೊನ್ನೆ ಕೊಟ್ಟಿಗೆಯಿಂದ ಹೊರಗೆ ಎಳೆದಾಗ ಬಲಗಡೆ ಗಾಲಿಯ ಹಳಿ, ಅಂದರೆ ಮರದ ಸುತ್ತ ಬಿಗಿದ ಕಬ್ಬಿಣದ ಪಟ್ಟಿ, ಲಟಲಟ ಅಂದಿತು. ಬಗ್ಗಿ ನೋಡಿದರೆ ಮರಕ್ಕೂ ಕಬ್ಬಿಣಕ್ಕೂ ನಡುವೆ ಬೆಂಕಿಕಡ್ಡಿ ತೂರಿಸುವಷ್ಟು ಸಂದು.

ಅಪ್ಪ ಹೇಳಿದರು, ‘ಬೇಸಿಗೆ ಅಲ್ವಾ, ಕಬ್ಬಿಣ ಹಿಗ್ಗಿದೆ.’ ಡಿಪ್ಲೊಮಾ ಓದುವ ತಮ್ಮ ಒಪ್ಪಲಿಲ್ಲ. ಕಬ್ಬಿಣ ಎಲ್ಲ ದಿಕ್ಕಿಗೂ ಹಿಗ್ಗುತ್ತದೆ, ಹಾಗಾದರೆ ಒಳಗಡೆಗೂ ಹಿಗ್ಗಬೇಕು, ನಡುವಿನ ತೂತು ಚಿಕ್ಕದಾಗಿ ಹಳಿ ಇನ್ನೂ ಬಿಗಿಯಾಗಬೇಕು ಅನ್ನುವುದು ಅವನ ವಾದ. ರಾತ್ರಿ ಊಟದ ತನಕ ಇದೇ ಜಗಳ. ನನಗೆ ಇಬ್ಬರ ಮಾತೂ ಸರಿ ಅನ್ನಿಸುತ್ತದೆ, ಅದೇ ತೊಂದರೆ. ಗೊತ್ತಿದ್ದವರು ಹೇಳಿ. ಹಾಗೇ, ಈ ಹಳಿಯನ್ನು ಮತ್ತೆ ಕೂರಿಸುವುದು ಹೇಗೆ ಅಂತಲೂ ಹೇಳಿ.

ಗ್ಯಾರೇಜ್ ತಮ್ಮ (ದಾವಣಗೆರೆ)

ನಿಮ್ಮ ತಮ್ಮ ಹೇಳಿದ್ದೇ ಸರಿ ಅಣ್ಣ. ಉದ್ದಿನ ವಡೆ ನೋಡಿಲ್ವಾ? ಎಣ್ಣೆಗೆ ಬಿಟ್ಟ ಮೇಲೆ ಊದಿಕೊಂಡು ನಡುವಿನ ತೂತು ಮುಚ್ಚಿಕೊಳ್ಳುತ್ತದೆ. ಕಬ್ಬಿಣವೂ ಹಾಗೇ. ನಾನು ಸ್ವಂತ ಕಣ್ಣಲ್ಲಿ ನೋಡಿದ್ದೇನೆ. ಸವೆದು ಹೋದ ಒಂದು ರಿಂಗನ್ನು ಗ್ಯಾಸ್ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ತೂತು ಚಿಕ್ಕದಾಗಿ ಮತ್ತೆ ಬಿಗಿಯಾಗಿ ಕೂರುತ್ತದೆ. ನಮ್ಮ ಗ್ಯಾರೇಜಿನಲ್ಲಿ ಮಾಡಿದ್ದೇವೆ.

ಲೇತ್ ಹರಿಹರ

ವಡೆ ಬೇರೆ, ಕಬ್ಬಿಣ ಬೇರೆ ತಮ್ಮಾ. ವಡೆ ಮೆತ್ತಗಿನ ಹಿಟ್ಟು. ಒಳಗೆ ಆವಿ ತುಂಬಿ ಜಾಗ ಸಿಕ್ಕ ಕಡೆ ಉಬ್ಬುತ್ತದೆ.

ನಾನು ಹರಿಹರದಲ್ಲಿ ಮೂವತ್ತು ವರ್ಷ ಲೇತ್ ಮೇಲೆ, ಅಂದರೆ ಲೋಹ ಕಡೆಯುವ ಯಂತ್ರದ ಮೇಲೆ, ನಿಂತವನು. ಕಿರ್ಲೋಸ್ಕರ್ ಕಾರ್ಖಾನೆ ಇದ್ದ ಕಾಲದಲ್ಲಿ ನಮ್ಮೂರಲ್ಲಿ ಬೀದಿಗೊಬ್ಬ ಟರ್ನರ್ ಸಿಗುತ್ತಿದ್ದ. ನಮ್ಮ ಕಸುಬಿನಲ್ಲಿ ಈ ಪ್ರಶ್ನೆಗೆ ಎರಡನೇ ಉತ್ತರವೇ ಇಲ್ಲ. ಕಾದರೆ ತೂತು ದೊಡ್ಡದಾಗುತ್ತದೆ.

ಬೇರಿಂಗ್ ಕೂರಿಸುವುದನ್ನೇ ತೆಗೆದುಕೊಳ್ಳಿ. 50 ಮಿ.ಮೀ. ಶಾಫ್ಟಿಗೆ (ತಿರುಗುವ ಕಬ್ಬಿಣದ ದಂಡಕ್ಕೆ) ಬೇರಿಂಗ್, ಅಂದರೆ ಒಳಗೆ ಗುಂಡುಗಳಿರುವ ಉಕ್ಕಿನ ಬಳೆ, ಬಿಗಿಯಾಗಿ ಕೂರಬೇಕು ಅಂದರೆ ಅದರ ತೂತು ಶಾಫ್ಟಿಗಿಂತ ಕೂದಲೆಳೆಯಷ್ಟು ಚಿಕ್ಕದಿರುತ್ತದೆ. ಸುತ್ತಿಗೆಯಲ್ಲಿ ಬಡಿದರೆ ಗುಂಡುಗಳು ಕೆಡುತ್ತವೆ. ಅದಕ್ಕೇ ಬೇರಿಂಗನ್ನು ಎಣ್ಣೆಯಲ್ಲಿ ಮುಳುಗಿಸಿ ಕಾಯಿಸುತ್ತೇವೆ. 80 ಡಿಗ್ರಿ ಜಾಸ್ತಿಯಾದರೆ ತೂತು 0.05 ಮಿ.ಮೀ. ಹತ್ತಿರ ಹಿಗ್ಗುತ್ತದೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಅಷ್ಟಕ್ಕೇ ಬೇರಿಂಗ್ ಕೈಯಲ್ಲಿ ಹಿಡಿದು ಬಿಟ್ಟರೆ ಸುಯ್ ಅಂತ ಶಾಫ್ಟಿನ ಮೇಲೆ ಜಾರಿ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಎರಡು ನಿಮಿಷ ಬಿಟ್ಟು ತಿರುಗಿಸಲು ಹೋಗಿ, ದೇವರಾಣೆ ಅಲ್ಲಾಡುವುದಿಲ್ಲ. ತೂತು ಚಿಕ್ಕದಾಗುವುದಾಗಿದ್ದರೆ ಅದು ಶಾಫ್ಟಿನ ತುದಿಯನ್ನೂ ದಾಟುತ್ತಿರಲಿಲ್ಲ.

ಒಂದು ಎಚ್ಚರಿಕೆ. 120 ಡಿಗ್ರಿ ದಾಟಿಸಬೇಡಿ, ಬೇರಿಂಗಿನ ಉಕ್ಕಿನ ಹದ ಕೆಡುತ್ತದೆ. ಗ್ಯಾಸ್ ಬೆಂಕಿಯನ್ನು ನೇರವಾಗಿ ಹಿಡಿಯಲೇಬೇಡಿ.

ಗ್ಯಾರೇಜ್ ತಮ್ಮ

ಹಾಗಾದರೆ ನಾನು ನೋಡಿದ್ದು ಸುಳ್ಳಾ ಅಣ್ಣ?

ಲೇತ್ ಹರಿಹರ

ಸುಳ್ಳಲ್ಲ. ಅದರ ವಿಷಯ ಬೇರೆ. ರಾತ್ರಿ ಬರೆಯುತ್ತೇನೆ, ಈಗ ಮೊಮ್ಮಗಳನ್ನು ಶಾಲೆಯಿಂದ ಕರೆತರಬೇಕು.

ದುರ್ಗದ ಟೀಚರ್ (ಚಿತ್ರದುರ್ಗ)

ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳುವವಳು ನಾನು. ಪ್ರತಿ ವರ್ಷ ತರಗತಿಯಲ್ಲಿ ಈ ಪ್ರಶ್ನೆ ಕೇಳುತ್ತೇನೆ, ಪ್ರತಿ ವರ್ಷ ಅರ್ಧಕ್ಕಿಂತ ಜಾಸ್ತಿ ಮಕ್ಕಳು ‘ತೂತು ಚಿಕ್ಕದಾಗುತ್ತದೆ ಮಿಸ್’ ಎನ್ನುತ್ತಾರೆ. ಆದ್ದರಿಂದ ಬಂಡಿಮನೆಯವರ ತಮ್ಮ ಬೇಜಾರು ಮಾಡಿಕೊಳ್ಳುವುದು ಬೇಡ.

ಹಳಿಯ ವಿಷಯದಲ್ಲಿ ಇದನ್ನು ತಿಳಿಯುವುದು ಬಹಳ ಸುಲಭ. ಹಳಿ ಮೊದಲು ಏನಾಗಿತ್ತು? ನೇರವಾದ ಉದ್ದನೆಯ ಪಟ್ಟಿ. ಅದನ್ನು ಬಗ್ಗಿಸಿ ಎರಡು ತುದಿ ಸೇರಿಸಿದ್ದಾರೆ. ನೇರ ಪಟ್ಟಿಯನ್ನು ಕಾಯಿಸಿದರೆ ಉದ್ದವಾಗುತ್ತದೆ ಅಂತ ಎಲ್ಲರೂ ಒಪ್ಪುತ್ತೀರಿ. ಉದ್ದ ಪಟ್ಟಿಯನ್ನು ಬಳೆ ಮಾಡಿದರೆ ದೊಡ್ಡ ಬಳೆಯೇ ಆಗುತ್ತದೆ. ಮುಗಿಯಿತು.

ಹಾಗಾದರೆ ‘ಒಳಗಡೆಗೂ ಹಿಗ್ಗಬೇಕು’ ಅನ್ನುವುದು ಎಲ್ಲಿ ಹೋಯಿತು? ಅದೂ ಇದೆ, ಲೆಕ್ಕ ಹಾಕಿ ನೋಡೋಣ. ಕಬ್ಬಿಣ ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತದೆ. ಗಾಲಿ 4 ಅಡಿ ಅಂದುಕೊಳ್ಳಿ, ಅಂದರೆ ಸುತ್ತಳತೆ ಸುಮಾರು 3830 ಮಿ.ಮೀ. ಕುಲುಮೆಯವರು ಹಳಿಯನ್ನು 500 ಡಿಗ್ರಿಯಷ್ಟು ಕಾಯಿಸಿದರೆ ಸುತ್ತಳತೆ 23 ಮಿ.ಮೀ. ಬೆಳೆಯುತ್ತದೆ, ಅಡ್ಡಳತೆ 7 ಮಿ.ಮೀ. ಚಿಲ್ಲರೆ. ಹಳಿಯ ದಪ್ಪ 12 ಮಿ.ಮೀ. ಇದ್ದರೆ ಆ ದಪ್ಪವೂ ಹಿಗ್ಗುತ್ತದೆ, ಆದರೆ ಬರೀ 0.07 ಮಿ.ಮೀ. ತಮ್ಮ ಹೇಳಿದ ಹಿಗ್ಗು ಇದೇ. ಪಟ್ಟಿ ಎರಡು ಪಕ್ಕಕ್ಕೂ ಚೂರು ದಪ್ಪವಾಗುತ್ತದೆ ನಿಜ, ಅಷ್ಟರಲ್ಲಿ ಇಡೀ ಪಟ್ಟಿಯೇ ಅದರ ನೂರರಷ್ಟು ಹೊರಗೆ ಸರಿದಿರುತ್ತದೆ.

ಮಕ್ಕಳಿಗೆ ಇದನ್ನೇ ಕೋಲಾಟದಲ್ಲಿ ತೋರಿಸುತ್ತೇನೆ. ಒಳಗೊಂದು ಸುತ್ತು, ಹೊರಗೊಂದು ಸುತ್ತು, ಎಲ್ಲರೂ ಒತ್ತಾಗಿ ನಿಂತಿರುತ್ತಾರೆ. ಈಗ ಕುಣಿತದ ವೇಗ ಏರಿತು, ಪ್ರತಿಯೊಬ್ಬರಿಗೂ ಕೈ ಬೀಸಲು ಜಾಗ ಬೇಕು. ಒಳಸುತ್ತಿನವರು ಏನು ಮಾಡುತ್ತಾರೆ? ನಡುವಿಗೆ ನುಗ್ಗಿದರೆ ಸುತ್ತು ಚಿಕ್ಕದಾಗಿ ಅಕ್ಕಪಕ್ಕದವರಿಗೆ ಇನ್ನೂ ಹತ್ತಿರವಾಗುತ್ತಾರೆ. ಪಕ್ಕದವರಿಂದ ದೂರ ಸರಿಯಬೇಕಾದರೆ ಸುತ್ತೇ ದೊಡ್ಡದಾಗಬೇಕು. ಲೋಹದ ಅಣುಗಳೂ ಹಾಗೇ. ಬಿಸಿಯಾದರೆ ಅಣು ದಪ್ಪವಾಗುವುದಿಲ್ಲ, ಜೋರಾಗಿ ಅಲುಗಿ ಒಂದಕ್ಕೊಂದು ದೂರ ನಿಲ್ಲುತ್ತವೆ. ತೂಕ ಮೊದಲಿನಷ್ಟೇ ಇರುತ್ತದೆ.

ಶಾಲೆಯ ಲ್ಯಾಬಿನಲ್ಲಿ ಗುಂಡು, ಉಂಗುರದ ಪ್ರಯೋಗ ಮಾಡಿದ್ದೀರಲ್ಲ? ಹಾಲೆಂಡಿನ ಗ್ರಾವೆಸಾಂಡೆ ಎಂಬ ಪ್ರೊಫೆಸರ್ 18ನೇ ಶತಮಾನದಲ್ಲಿ ತೋರಿಸಿಕೊಟ್ಟ ಪ್ರಯೋಗ ಅದು. ನಮ್ಮಲ್ಲಿ ಗುಂಡನ್ನು ಮಾತ್ರ ಕಾಯಿಸಿ, ಉಂಗುರದಲ್ಲಿ ತೂರುವುದಿಲ್ಲ ಅಂತ ತೋರಿಸಿ ಬೆಲ್ ಹೊಡೆದುಬಿಡುತ್ತಾರೆ. ಉಂಗುರವನ್ನೂ ಕಾಯಿಸಿದರೆ ಬಿಸಿ ಗುಂಡು ಮತ್ತೆ ತೂರುತ್ತದೆ. ಆ ಎರಡನೇ ಭಾಗ ತೋರಿಸಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ ಅನ್ನಿಸುತ್ತದೆ.

ಬಂಡಿಮನೆ

ಮೇಡಂ, ಕೋಲಾಟದ ಮಾತು ತಮ್ಮನಿಗೆ ಓದಿ ಹೇಳಿದೆ. ‘ಹೂಂ’ ಅಂದ. ಅವನ ಬಾಯಲ್ಲಿ ಅದು ಬಂದರೆ ಒಪ್ಪಿದ ಹಾಗೆ. ಅಂದರೆ ಅಪ್ಪ ಗೆದ್ದರು ಅಲ್ವಾ?

ದುರ್ಗದ ಟೀಚರ್

ಅಪ್ಪ ಅರ್ಧ ಗೆದ್ದರು. ಹಳಿ ಹಿಗ್ಗಿರುವುದು ನಿಜ. ಆದರೆ ಸಡಿಲವಾಗಲು ಅದು ಕಾರಣ ಅಲ್ಲ. ಚಳಿಗಾಲಕ್ಕೂ ಬೇಸಿಗೆಗೂ ನಮ್ಮ ಕಡೆ 25 ಡಿಗ್ರಿ ವ್ಯತ್ಯಾಸ ಅಂತ ಇಟ್ಟುಕೊಳ್ಳಿ. ನಿಮ್ಮ ಹಳಿಯ ಅಡ್ಡಳತೆ ಹೆಚ್ಚುವುದು 0.4 ಮಿ.ಮೀ. ಒಳಗೆ. ಅದು ಎರಡು ಪಕ್ಕಕ್ಕೂ ಹಂಚಿದರೆ 0.2. ಬೆಂಕಿಕಡ್ಡಿ 2 ಮಿ.ಮೀ. ದಪ್ಪ. ಲೆಕ್ಕ ಹೊಂದುವುದಿಲ್ಲ.

ಕಳ್ಳ ಕಬ್ಬಿಣ ಅಲ್ಲ, ಮರ. ಒಣಗಿದ ಮರ ಉದ್ದಕ್ಕೆ ಅಷ್ಟೇನೂ ಕುಗ್ಗುವುದಿಲ್ಲ, ಆದರೆ ಅಡ್ಡಕ್ಕೆ ನೂರಕ್ಕೆ ಎರಡು ಮೂರು ಪಾಲು ಸುಲಭವಾಗಿ ಕುಗ್ಗುತ್ತದೆ. ಗಾಲಿಯ ಸುತ್ತಿನ ಮರದ ತುಂಡುಗಳು ನಾಲ್ಕು ಇಂಚು ಅಗಲ ಇದ್ದರೆ ಒಂದೊಂದು ಕಡೆ ಎರಡು ಮಿಲಿಮೀಟರ್ ಹೋಯಿತು. ಅದೇ ನಿಮ್ಮ ಬೆಂಕಿಕಡ್ಡಿ.

ಕೆರೆ ಏರಿ (ಚನ್ನಗಿರಿ)

ಇದು ನಮ್ಮ ಅಜ್ಜನಿಗೆ ಲೆಕ್ಕ ಇಲ್ಲದೇ ಗೊತ್ತಿತ್ತು. ಬೇಸಿಗೆಯಲ್ಲಿ ಹಳಿ ಸಡಿಲವಾದರೆ ಗಾಲಿ ಬಿಚ್ಚಿ ಕೆರೆಯ ನೀರಿನಲ್ಲಿ ರಾತ್ರಿ ಮಲಗಿಸಿಬಿಡುತ್ತಿದ್ದ. ಬೆಳಗ್ಗೆ ಮರ ನೀರು ಕುಡಿದು ಉಬ್ಬಿ ಹಳಿ ಗಟ್ಟಿ. ಆದರೆ ಅದು ನಾಲ್ಕು ದಿನದ ಮಾತು. ಮತ್ತೆ ಒಣಗಿದರೆ ಮತ್ತೆ ಲಟಲಟ. ಬೆಂಕಿಕಡ್ಡಿ ತೂರುವಷ್ಟು ಸಂದು ಬಿಟ್ಟಿದೆ ಅಂದರೆ ಕುಲುಮೆಗೇ ಒಯ್ಯಿರಿ.

ಲೇತ್ ಹರಿಹರ

ಗ್ಯಾರೇಜ್ ತಮ್ಮಾ, ನಿನಗೆ ಉತ್ತರ ಬಾಕಿ ಇತ್ತು.

ನೀನು ರಿಂಗ್ ಕಾಯಿಸಿದಾಗ ತೂತು ಅಳೆದಿದ್ದು ಯಾವಾಗ? ಕೆಂಪಗೆ ಇದ್ದಾಗಲೋ, ನೀರಿನಿಂದ ತೆಗೆದ ಮೇಲೋ? ತೆಗೆದ ಮೇಲೆ ತಾನೇ? ಅಲ್ಲೇ ಇರುವುದು ಗುಟ್ಟು. ಬಿಸಿ ಇರುವಾಗ ತೂತು ದೊಡ್ಡದೇ ಆಗಿತ್ತು. ನೀರಿಗೆ ಅದ್ದಿದಾಗ ಎಲ್ಲ ಕಡೆ ಒಂದೇ ಸಲ ತಣ್ಣಗಾಗಲಿಲ್ಲ. ಮೊದಲು ನೀರು ಮುಟ್ಟಿದ ಭಾಗ ಕುಗ್ಗಿ ಗಟ್ಟಿಯಾಯಿತು, ಕೆಂಪಗಿದ್ದ ಭಾಗ ಇನ್ನೂ ಮೆತ್ತಗಿತ್ತು. ಗಟ್ಟಿ ಭಾಗ ಅದನ್ನು ಹಿಂಡಿಬಿಟ್ಟಿತು. ಹಿಂಡಿದ್ದು ಹಾಗೇ ಉಳಿಯಿತು, ಆಮೇಲೆ ಅದೂ ಕುಗ್ಗಿತು. ಒಟ್ಟಿನಲ್ಲಿ ತಣ್ಣಗಾದ ಮೇಲೆ ರಿಂಗ್ ಮೊದಲಿಗಿಂತ ಚಿಕ್ಕದು. ಇದು ನಮ್ಮಲ್ಲಿ ಹಳೆಯ ಉಪಾಯ. ಕಣ್ಣು ಸರಿ ನೋಡಿದೆ, ಹೊತ್ತು ಮಾತ್ರ ತಪ್ಪಿದೆ.

ನಾನೂ ಹೊತ್ತು ತಪ್ಪಿದವನೇ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಅಲ್ಯೂಮಿನಿಯಂ ಜಾಬ್ (ಲೇತಿಗೆ ಕಟ್ಟಿದ ತುಂಡಿಗೆ ನಾವು ಹಾಗನ್ನುತ್ತೇವೆ), ಒಳಗಡೆ 100 ಮಿ.ಮೀ. ತೂತು ಕೊರೆಯಬೇಕಿತ್ತು. ಬೇಗ ಮುಗಿಸುವ ಆಸೆಗೆ ದಪ್ಪ ದಪ್ಪ ಕಟ್ ಕೊಟ್ಟೆ. ಜಾಬ್ ಕೈಗೆ ಸುಡುತ್ತಿತ್ತು. ಹಾಗೇ ಅಳೆದೆ, ಅಳತೆ ಕರಾರುವಾಕ್ಕು. ಬಿಚ್ಚಿ ಮೇಜಿನ ಮೇಲಿಟ್ಟು ಚಹಾ ಕುಡಿದು ಬಂದೆ. ಮೇಸ್ತ್ರಿ ಅಳೆದು ನನ್ನ ಮುಖ ನೋಡಿದರು. ತೂತು ಸುಮಾರು 0.09 ಮಿ.ಮೀ. ಕಡಿಮೆ! ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ, ಡಿಗ್ರಿಗೆ ಹತ್ತು ಲಕ್ಷದಲ್ಲಿ 23 ಪಾಲು. ನನ್ನ ಜಾಬ್ 40 ಡಿಗ್ರಿ ಜಾಸ್ತಿ ಕಾದಿತ್ತು. ಹೊರಗಡೆ ಅಳತೆ ತಪ್ಪಿದ್ದರೆ ಜಾಬ್ ಎಸೆಯಬೇಕಿತ್ತು. ತೂತಾದ್ದರಿಂದ ಇನ್ನೊಂದು ಚೂರು ಕೊರೆದು ಬಚಾವಾದೆ. ಮೇಸ್ತ್ರಿ ಬೈಯಲಿಲ್ಲ. ‘ಅಳೆಯುವ ಮೊದಲು ಕೈ ಇಟ್ಟು ನೋಡು’ ಅಂದರು ಅಷ್ಟೇ.

ಲೋಕದಲ್ಲೆಲ್ಲ ಲೋಹದ ಅಳತೆ ಅಂದರೆ 20 ಡಿಗ್ರಿಯಲ್ಲಿ ಇರುವ ಅಳತೆ ಅಂತಲೇ ಲೆಕ್ಕ. ನಮ್ಮ ಹರಿಹರದಲ್ಲಿ ಮೇ ತಿಂಗಳಲ್ಲಿ 20 ಡಿಗ್ರಿ ಎಲ್ಲಿಂದ ತರೋಣ ಹೇಳಿ!

ಗ್ಯಾರೇಜ್ ತಮ್ಮ

ಸರಿ ಅಣ್ಣ, ಒಪ್ಪಿದೆ. ಇನ್ನೊಂದು. ತುಕ್ಕು ಹಿಡಿದ ನಟ್ ಬಿಚ್ಚಲು ಕಾಯಿಸುತ್ತೇವಲ್ಲ, ನಟ್ಟಿನ ಜೊತೆ ಬೋಲ್ಟೂ ಕಾಯುತ್ತದೆ. ಎರಡೂ ಹಿಗ್ಗಿದರೆ ಲಾಭ ಏನು?

ಲೇತ್ ಹರಿಹರ

ಒಳ್ಳೆಯ ಪ್ರಶ್ನೆ. ಅದಕ್ಕೇ ಬೆಂಕಿಯನ್ನು ನಟ್ಟಿಗೆ ಹಿಡಿ, ಬೋಲ್ಟಿಗೆ ಹಿಡಿಯಬೇಡ. ನಟ್ ಮೊದಲು ಕಾಯುತ್ತದೆ, ಬೋಲ್ಟ್ ಹಿಂದೆ ಬೀಳುತ್ತದೆ. ಆ ನಡುವಿನ ಹೊತ್ತಿನಲ್ಲಿ ಸ್ಪ್ಯಾನರ್ ಹಾಕಬೇಕು. ಸಾವಕಾಶ ಕಾಯಿಸುತ್ತಾ ಕೂತರೆ ಎರಡೂ ಒಂದೇ ಬಿಸಿ, ಸಂದು ಹೆಚ್ಚುವುದಿಲ್ಲ. ಆದರೂ ಕೆಲವು ಸಲ ಬಿಚ್ಚುತ್ತದೆ, ಯಾಕೆಂದರೆ ಹಿಗ್ಗಿ ಕುಗ್ಗುವ ಗದ್ದಲದಲ್ಲಿ ತುಕ್ಕು ಬಿರುಕು ಬಿಡುತ್ತದೆ.

ಗೇಟು ಗ್ರಿಲ್ಲು (ದಾವಣಗೆರೆ)

ಅಳತೆಯ ಮಾತು ಆಯಿತು, ಆಕಾರದ ಮಾತು ನಾನು ಹೇಳುತ್ತೇನೆ. ವೆಲ್ಡಿಂಗ್ ಅಂಗಡಿ ನಮ್ಮದು. ಬಿಸಿ ಮಾಡುವ ಅವಾಂತರ ಏನು ಅಂತ ನಮ್ಮಷ್ಟು ಅನುಭವಿಸಿದವರು ಇಲ್ಲ.

ಇಡೀ ವಸ್ತು ಒಂದೇ ಸಮ ಕಾದು ಒಂದೇ ಸಮ ತಣ್ಣಗಾದರೆ ಆಕಾರ ಕೆಡುವುದಿಲ್ಲ. ಫೋಟೊ ದೊಡ್ಡದು ಮಾಡಿ ಮತ್ತೆ ಚಿಕ್ಕದು ಮಾಡಿದ ಹಾಗೆ. ಒಂದು ಕಡೆ ಮಾತ್ರ ಕಾದರೆ ಸೊಟ್ಟ. ಆದರೆ ಯಾವ ಕಡೆಗೆ ಸೊಟ್ಟ ಅನ್ನುವುದು ಹೊಸಬರಿಗೆ ತಿಳಿಯುವುದಿಲ್ಲ. ಕಾಯಿಸುವಾಗ ಪೈಪು ಬೆಂಕಿಯಿಂದ ಆಚೆಗೆ ಬಾಗುತ್ತದೆ, ಯಾಕೆಂದರೆ ಬಿಸಿ ಮುಖ ಉದ್ದವಾಯಿತು. ತಣ್ಣಗಾಗುವಾಗ ವಾಪಸ್ ಬಂದು, ಅಲ್ಲಿಗೇ ನಿಲ್ಲದೆ, ಬೆಂಕಿ ಹಿಡಿದ ಕಡೆಗೇ ಬಾಗಿ ನಿಲ್ಲುತ್ತದೆ. ಲೇತ್ ಅಣ್ಣ ಹೇಳಿದ್ದೇ ಕಾರಣ. ಕೆಂಪಗಾದ ಜಾಗ ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆ ಕಬ್ಬಿಣ ಬಿಡುವುದಿಲ್ಲ. ಮೆತ್ತಗಿದ್ದದ್ದು ಅಲ್ಲಲ್ಲೇ ದಪ್ಪವಾಗಿ ಅದುಮಿಕೊಳ್ಳುತ್ತದೆ. ತಣ್ಣಗಾದಾಗ ಅದು ಮೊದಲಿಗಿಂತ ಗಿಡ್ಡ.

ಹೋದ ವರ್ಷ ನಮ್ಮ ಹೊಸ ಹುಡುಗ ಒಂದು ಗೇಟಿನ ಚೌಕಟ್ಟನ್ನು ಒಂದೇ ಕಡೆಯಿಂದ ಸರಸರ ಪೂರ್ತಿ ವೆಲ್ಡ್ ಹೊಡೆದುಬಿಟ್ಟ. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದರೆ 8 ಮಿ.ಮೀ. ವ್ಯತ್ಯಾಸ. ಚಿಲಕ ಒಂದು ಕಡೆ, ಅದರ ತೂತು ಇನ್ನೊಂದು ಕಡೆ. ನಿಲುವು ಪೈಪು ಬಿಲ್ಲಿನ ಹಾಗೆ. ಮೊದಲೇ ನಾಲ್ಕೂ ಮೂಲೆಗೆ ಚುಕ್ಕಿ ಚುಕ್ಕಿ ಟ್ಯಾಕ್ ಹಾಕಿ, ಒಮ್ಮೆ ಈ ಮೂಲೆ ಒಮ್ಮೆ ಎದುರು ಮೂಲೆ ಅಂತ ವೆಲ್ಡ್ ಮಾಡಿದ್ದರೆ ಈ ಗತಿ ಬರುತ್ತಿರಲಿಲ್ಲ.

ಸರಿ ಮಾಡಿದ್ದೂ ಬೆಂಕಿಯಲ್ಲೇ. ಬಿಲ್ಲಿನ ಉಬ್ಬು ಮುಖದ ಮೇಲೆ, ಅಂದರೆ ಉದ್ದ ಜಾಸ್ತಿ ಇರುವ ಕಡೆ, ಸೀಮೆಸುಣ್ಣದಲ್ಲಿ ಮೂರು ಗುರುತು. ಒಂದೊಂದನ್ನೂ ಎಂಟಾಣೆ ಅಗಲಕ್ಕೆ ಕೆಂಪಗೆ ಕಾಯಿಸಿ ಒದ್ದೆ ಗೋಣಿಚೀಲ ಒತ್ತಿದೆ. ಚುಂಯ್ ಅಂದಿತು. ಮೊದಲ ಗುರುತಿಗೆ ಏನೂ ಕಾಣಲಿಲ್ಲ. ಎರಡನೆಯದಕ್ಕೆ ದಾರ ಹಿಡಿದು ನೋಡಿದರೆ ಅರ್ಧ ವಾಸಿ. ಮೂರನೆಯದಕ್ಕೆ ದಾರಕ್ಕೆ ಸಮ. ಹುಡುಗ ಬಾಯಿ ಬಿಟ್ಟು ನೋಡುತ್ತಿದ್ದ. ಸುತ್ತಿಗೆ ಮುಟ್ಟಲೇ ಇಲ್ಲ.

ಬೆಣ್ಣೆ ಕಾವಲಿ (ದಾವಣಗೆರೆ)

ದಾವಣಗೆರೆ ಚರ್ಚೆಯಲ್ಲಿ ಇಷ್ಟು ಹೊತ್ತಾದರೂ ದೋಸೆ ಬರಲಿಲ್ಲ ಅಂದರೆ ಹೇಗೆ!

ಮನೆಯಲ್ಲಿ ತಂದ ತೆಳು ಹಂಚು ಆರು ತಿಂಗಳಲ್ಲಿ ನಡುವೆ ಉಬ್ಬಿಕೊಂಡಿತು. ಎಣ್ಣೆ ಹಾಕಿದರೆ ಅಂಚಿಗೆ ಓಡುತ್ತದೆ, ನಡುವೆ ದೋಸೆ ಸೀದು ಹೋಗುತ್ತದೆ. ಆದರೆ ನಮ್ಮ ಚಿಕ್ಕಪ್ಪನ ಹೋಟೆಲಿನ ಕಾವಲಿ ಸೌದೆ ಒಲೆಯ ಮೇಲೆ ದಿನಕ್ಕೆ ನೂರಾರು ಬೆಣ್ಣೆ ದೋಸೆ ಹುಯ್ದರೂ ವರ್ಷಗಟ್ಟಲೆ ಚಪ್ಪಟೆಯಾಗೇ ಇದೆ. ಅದಕ್ಕೆ ನೀರು ಬೇರೆ ಚಿಮುಕಿಸಿ ಪೊರಕೆಯಲ್ಲಿ ಗುಡಿಸುತ್ತಾರೆ. ಇದು ಯಾಕೆ?

ಗೇಟು ಗ್ರಿಲ್ಲು

ದಪ್ಪ ಅಕ್ಕ, ದಪ್ಪ. ಗ್ಯಾಸ್ ಉರಿ ನಡುವೆ ಮಾತ್ರ ತಾಗುತ್ತದೆ. ನಡುಭಾಗ ಹಿಗ್ಗಬೇಕು ಅನ್ನುತ್ತದೆ, ತಣ್ಣನೆ ಅಂಚು ಬಳೆಯ ಹಾಗೆ ಹಿಡಿದುಕೊಂಡಿರುತ್ತದೆ. ಪಕ್ಕಕ್ಕೆ ಹೋಗಲು ದಾರಿ ಇಲ್ಲದೆ ತೆಳು ತಗಡು ಮೇಲಕ್ಕೋ ಕೆಳಕ್ಕೋ ಡುಬ್ಬ ಎತ್ತುತ್ತದೆ. ದಪ್ಪ ಕಾವಲಿ ಅಷ್ಟು ಸುಲಭಕ್ಕೆ ಬಾಗುವುದಿಲ್ಲ. ಸೌದೆ ಉರಿಯೂ ಅಗಲಕ್ಕೆ ಹರಡುತ್ತದೆ. ಹೋಟೆಲಿನವರು ಚಿಮುಕಿಸುವುದು ಒಂದು ಹಿಡಿ ನೀರು. ನೀವು ಕಾದ ಹಂಚನ್ನು ಸೀದಾ ನಲ್ಲಿಯ ಕೆಳಗೆ ಹಿಡಿಯುತ್ತೀರಾ ಅಂತ ನನಗೆ ಅನುಮಾನ.

ಬೆಣ್ಣೆ ಕಾವಲಿ

ನಾನಲ್ಲ. ನಮ್ಮ ಯಜಮಾನರು.

ದುರ್ಗದ ಟೀಚರ್

ಇಂಡಕ್ಷನ್ ಒಲೆಗೆ ಅಂತ ಅಲ್ಯೂಮಿನಿಯಂ ಹಂಚಿನ ತಳಕ್ಕೆ ಉಕ್ಕಿನ ಬಿಲ್ಲೆ ಅಂಟಿಸಿರುತ್ತಾರೆ. ಅಲ್ಲಿ ಎರಡು ಲೋಹ, ಒಂದು ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಒಂದೇ ಸಮ ಕಾಯಿಸಿದರೂ ಬಾಗುತ್ತದೆ. ಇದೇ ಗುಣವನ್ನು ಇಸ್ತ್ರಿ ಪೆಟ್ಟಿಗೆಯಲ್ಲಿ ಬೇಕಂತಲೇ ಬಳಸುತ್ತಾರೆ. ಒಳಗೆ ಎರಡು ಲೋಹ ಬೆಸೆದ ಪಟ್ಟಿ ಇರುತ್ತದೆ. ಬಿಸಿ ಏರಿದಾಗ ಬಾಗಿ ಕರೆಂಟು ಬಿಡಿಸುತ್ತದೆ, ತಣ್ಣಗಾದರೆ ಮತ್ತೆ ಮುಟ್ಟಿಸುತ್ತದೆ. ಇಸ್ತ್ರಿ ಮಾಡುವಾಗ ಕೇಳುವ ‘ಟಿಕ್’ ಅದೇ. ಅಂಥ ಪಟ್ಟಿಯ ಒಂದು ಪದರಕ್ಕೆ ಇನ್ವಾರ್ ಅನ್ನುವ ಮಿಶ್ರಲೋಹ ಹಾಕುತ್ತಾರೆ. ಕಬ್ಬಿಣ, ನಿಕ್ಕಲ್ ಸೇರಿಸಿ ಮಾಡಿದ್ದು. ಕಬ್ಬಿಣದ ಹತ್ತನೇ ಒಂದು ಪಾಲು ಮಾತ್ರ ಹಿಗ್ಗುತ್ತದೆ. 1896ರಲ್ಲಿ ಇದನ್ನು ಕಂಡುಹಿಡಿದ ಗಿಯೋಮ್ ಅವರಿಗೆ 1920ರಲ್ಲಿ ನೊಬೆಲ್ ಬಂತು.

ಇನ್ನೊಂದು ತಮಾಷೆ ಹೇಳುತ್ತೇನೆ. ಕಬ್ಬಿಣ ಯಾವಾಗಲೂ ಹಿಗ್ಗುತ್ತಲೇ ಹೋಗುವುದಿಲ್ಲ. ಶುದ್ಧ ಕಬ್ಬಿಣ 912 ಡಿಗ್ರಿ ಮುಟ್ಟಿದಾಗ ಅಣುಗಳ ಜೋಡಣೆಯೇ ಬದಲಾಗಿ ಇನ್ನೂ ಒತ್ತಾಗಿ ಕೂರುತ್ತವೆ. ಆ ಕ್ಷಣಕ್ಕೆ ಕಬ್ಬಿಣ ಚೂರು ಕುಗ್ಗುತ್ತದೆ, ಆಮೇಲೆ ಮತ್ತೆ ಹಿಗ್ಗಲು ಶುರು. ಕುಡುಗೋಲು, ಕೊಡಲಿಗೆ ನೀರಿನಲ್ಲಿ ಹದ ಕೊಡುವಾಗ ಕೆಲವು ಸಲ ಬಿರುಕು ಬಿಡುತ್ತದಲ್ಲ, ಅದಕ್ಕೂ ಅಣುಗಳ ಈ ಜಾಗ ಬದಲಾವಣೆಗೂ ನಂಟಿದೆ. ಇದನ್ನು ಬಿಡಿಸಿ ಹೇಳಲು ಹೋದರೆ ಬೆಳಗಾಗುತ್ತದೆ.

ಗ್ಯಾಂಗ್‌ಮನ್ ಮಗ (ಚಿಕ್ಕಜಾಜೂರು)

ಬಂಡಿಗೂ ಹಳಿ, ರೈಲಿಗೂ ಹಳಿ. ಅಪ್ಪ ರೈಲಿನ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್, ನಾನು ಹಳಿಯ ಪಕ್ಕ ಬೆಳೆದವನು, ಅದಕ್ಕೇ ಬಾಯಿ ಹಾಕುತ್ತಿದ್ದೇನೆ.

ಹಿಂದೆ 13 ಮೀಟರಿನ ತುಂಡುಗಳ ನಡುವೆ ಸಂದು ಬಿಡುತ್ತಿದ್ದರು. 40 ಡಿಗ್ರಿ ಏರಿದರೆ ಒಂದು ತುಂಡು 6 ಮಿ.ಮೀ. ಹಿಗ್ಗುತ್ತದೆ, ಆ ಜಾಗ ಬೇಕು. ಚಿಕ್ಕಂದಿನಲ್ಲಿ ಕೇಳಿದ ಟಕಟಕ್ ಸದ್ದು ಆ ಸಂದುಗಳದ್ದೇ. ಈಗ ಉದ್ದಕ್ಕೆ ಬೆಸೆದುಬಿಟ್ಟಿದ್ದಾರೆ. ‘ಹಾಗಾದರೆ ಹಿಗ್ಗಿದ್ದು ಎಲ್ಲಿ ಹೋಗುತ್ತದೆ?’ ಅಂತ ಅಪ್ಪನನ್ನು ಕೇಳಿದ್ದೆ. ‘ಎಲ್ಲೂ ಹೋಗಲು ಬಿಡುವುದಿಲ್ಲ, ಅದಕ್ಕೇ ಇಷ್ಟು ಜಲ್ಲಿ’ ಅಂದಿದ್ದರು. ಆಗ ತಲೆಗೆ ಹೋಗಲಿಲ್ಲ.

ಆಮೇಲೆ ಇಂಜಿನಿಯರಿಂಗ್ ಓದುವಾಗ ಲೆಕ್ಕ ಹಾಕಿದೆ. ಹಿಗ್ಗಲು ಬಿಡದೆ ಹಿಡಿದರೆ ಹಳಿಯ ಒಳಗೆ ಒತ್ತಡ ಕಟ್ಟಿಕೊಳ್ಳುತ್ತದೆ. ಮೀಟರಿಗೆ 60 ಕೆಜಿ ತೂಗುವ ಹಳಿಯಲ್ಲಿ 30 ಡಿಗ್ರಿ ಏರಿಕೆಗೆ ಸುಮಾರು 55 ಟನ್! ವಿಚಿತ್ರ ಏನೆಂದರೆ ಹಳಿ ಒಂದು ಮೀಟರ್ ಇರಲಿ, ಹತ್ತು ಕಿಲೋಮೀಟರ್ ಇರಲಿ, ಒತ್ತಡ ಅಷ್ಟೇ. ಉದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಳಿಯ ಕೆಳಗಿನ ಅಡ್ಡದಿಮ್ಮಿ (ಸ್ಲೀಪರ್), ಕ್ಲಿಪ್ಪು, ಜಲ್ಲಿ ಎಲ್ಲ ಸೇರಿ ಹಳಿ ಪಕ್ಕಕ್ಕೆ ಸರಿಯದಂತೆ ಹಿಡಿದಿರಬೇಕು. ಎಲ್ಲಾದರೂ ಜಲ್ಲಿ ಕಡಿಮೆಯಾದರೆ ಹಳಿ ಹಾವಿನ ಹಾಗೆ ಬಳುಕಿಬಿಡುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಹಳಿ ಗಾಳಿಗಿಂತ ಎಷ್ಟೋ ಜಾಸ್ತಿ ಕಾದಿರುತ್ತದೆ. ಬೇಸಿಗೆಯ ಮಟಮಟ ಮಧ್ಯಾಹ್ನ ಎಲ್ಲರೂ ನೆರಳು ಹುಡುಕುವಾಗ ಅಪ್ಪ ಹಳಿಯ ಮೇಲೆ ನಡೆದು ನೋಡಿಕೊಂಡು ಬರುತ್ತಿದ್ದದ್ದು ಇದಕ್ಕೆ.

ಕೆರೆ ಏರಿ

ನಿಮ್ಮ ತಂದೆಯವರಿಗೆ ನಮಸ್ಕಾರ ಹೇಳಿ ತಮ್ಮಾ.

ಬಂಡಿಮನೆ

ಹತ್ತು ದಿನ ಆಯಿತು, ಕ್ಷಮಿಸಿ. ಕೊನೆಗೂ ಗಾಲಿಯನ್ನು ಕುಲುಮೆಗೆ ಒಯ್ದೆವು. ಹಳಿ ಕಟ್ಟುವವರು ಈಗ ಸಿಗುವುದೇ ಕಷ್ಟ. ಮೂರು ಊರು ಸುತ್ತಿದ ಮೇಲೆ ಒಬ್ಬ ಹಿರಿಯರು ಸಿಕ್ಕರು. ತಮ್ಮನೂ ಬಂದಿದ್ದ, ಕೈಯಲ್ಲಿ ಟೇಪ್ ಹಿಡಿದುಕೊಂಡು.

ಅಜ್ಜ ಟೇಪ್ ಮುಟ್ಟಲಿಲ್ಲ. ಗಾಲಿಯ ಮರದ ಸುತ್ತ ಒಂದು ದಾರ ಸುತ್ತಿ ಗಂಟು ಹಾಕಿಕೊಂಡರು. ಅದೇ ದಾರವನ್ನು ಹಳಿಯ ಒಳಮೈಗೆ ಹಿಡಿದು, ಹಳಿ ಎಷ್ಟು ದೊಡ್ಡದಿದೆ ನೋಡಿಕೊಂಡು, ಒಂದು ತುಂಡು ಕತ್ತರಿಸಿ ತೆಗೆದು ಮತ್ತೆ ಬೆಸೆದರು. ಎಷ್ಟು ಕತ್ತರಿಸಿದಿರಿ ಅಂತ ಕೇಳಿದರೆ ‘ದಾರಕ್ಕಿಂತ ಒಂದು ಬೆರಳು ಗಿಡ್ಡ ಇರಬೇಕು’ ಅಂದರು. ತಮ್ಮ ಅಜ್ಜನ ಬೆರಳನ್ನು ಅಳೆದೇಬಿಟ್ಟ. 20 ಮಿ.ಮೀ. ಟೀಚರ್ ಮೇಡಂ, ನಿಮ್ಮ ಲೆಕ್ಕ 23 ಅಲ್ವಾ? ಕಾದಾಗ 23 ಬೆಳೆದರೆ ಗಾಲಿಯ ಮೇಲೆ ಇಳಿಯಲು 3 ಮಿ.ಮೀ. ಸಡಿಲು ಸಿಗುತ್ತದೆ. ಸುಮ್ನೆ ನಿಂತು ನೋಡಿದೆವು ಇಬ್ಬರೂ.

ಹಳಿಯನ್ನು ನಾಲ್ಕು ಕಲ್ಲಿನ ಮೇಲೆ ಮಲಗಿಸಿ ಸುತ್ತಲೂ ಕುಳ್ಳು ಪೇರಿಸಿ ಬೆಂಕಿ ಇಟ್ಟರು. ತಿದಿ ಬೇಡ, ಕುಳ್ಳಿನ ಬೆಂಕಿ ಎಲ್ಲ ಕಡೆ ಒಂದೇ ಸಮ ಕಾಯಿಸುತ್ತದೆ ಅಂದರು. ಗೇಟು ಗ್ರಿಲ್ಲು ಅಣ್ಣ ಹೇಳಿದ ಮಾತೇ. ಮುಕ್ಕಾಲು ಗಂಟೆಗೆ ಹಳಿ ಮಬ್ಬು ಕೆಂಪಾಯಿತು. ಮೂವರು ಇಕ್ಕಳ ಹಿಡಿದು ಎತ್ತಿ ಗಾಲಿಯ ಮೇಲೆ ಇಳಿಸಿದರು. ಮರ ಹೊತ್ತಿಕೊಂಡು ಹೊಗೆ ಎದ್ದಿತು. ಒಂದು ಕಡೆ ಸಿಕ್ಕಿಕೊಂಡಿತ್ತು, ಅಜ್ಜ ಎರಡು ಏಟು ಹಾಕಿದರು, ಕೂತಿತು. ಕೂಡಲೇ ‘ನೀರು, ನೀರು’ ಅಂತ ಕೂಗಿದರು. ಕೊಡಗಟ್ಟಲೆ ಸುರಿದೆವು. ಆವಿ ಇಳಿಯುತ್ತಿದ್ದಂತೆ ಗಾಲಿಯೊಳಗಿನಿಂದ ಕಟ್, ಕಟ್ ಅಂತ ಸದ್ದು ಬರಲು ಶುರುವಾಯಿತು. ಹಳಿ ಕುಗ್ಗುತ್ತಾ ಒಂದೊಂದೇ ಕೀಲನ್ನು ಗಾಲಿಯ ನಡುವಿನ ಗುಂಭದ ಕಡೆಗೆ ನೂಕುವ ಸದ್ದು. ಹೊರಸುತ್ತಿನ ಮರದ ತುಂಡುಗಳ ನಡುವಿನ ಸಂದು ನಾವು ನೋಡುತ್ತಿದ್ದ ಹಾಗೇ ಮುಚ್ಚಿಕೊಂಡಿತು.

ಈಗ ಬೆಂಕಿಕಡ್ಡಿ ಇರಲಿ, ಕಾಗದವೂ ತೂರುವುದಿಲ್ಲ. ಅಪ್ಪ ಬಂಡಿ ಹೂಡಿ ಕೆರೆಯ ತನಕ ಹೋಗಿ ಬಂದರು, ಕೆಲಸ ಏನೂ ಇರಲಿಲ್ಲ.

ಲೇತ್ ಹರಿಹರ

ಬೆರಳಿನಲ್ಲಿ ಅಳೆದು 3 ಮಿ.ಮೀ. ಸಡಿಲು! ಆ ಅಜ್ಜನಿಗೆ ನನ್ನ ಕಡೆಯಿಂದ ಒಂದು ಸಲಾಂ ಹೇಳಿ.

ಬೆಣ್ಣೆ ಕಾವಲಿ

ನನ್ನದೊಂದು ಚಿಕ್ಕ ಕೆಲಸ ಇದೆ, ಯಾರೂ ನಗಬೇಡಿ. ಒಂದು ಸ್ಟೀಲ್ ಲೋಟದೊಳಗೆ ಇನ್ನೊಂದು ಸಿಕ್ಕಿಕೊಂಡಿದೆ. ಎರಡು ದಿನದಿಂದ ಎಳೆಯುತ್ತಿದ್ದೇವೆ. ಇಷ್ಟೆಲ್ಲ ಓದಿದ ಮೇಲೆ ಬಿಸಿ ನೀರು ಅಂತ ಗೊತ್ತಾಯಿತು, ಆದರೆ ಎಲ್ಲಿ ಹಾಕಬೇಕು?

ದುರ್ಗದ ಟೀಚರ್

ಒಳಗಿನ ಲೋಟಕ್ಕೆ ಫ್ರಿಜ್ಜಿನ ತಣ್ಣೀರು ತುಂಬಿ. ಹೊರಗಿನದನ್ನು ಬಿಸಿ ನೀರಿನ ಪಾತ್ರೆಯಲ್ಲಿ ಇಡಿ. ಸ್ಟೀಲ್ ಲೋಟ ಸಾದಾ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತದೆ. ಎರಡರ ನಡುವೆ 50 ಡಿಗ್ರಿ ವ್ಯತ್ಯಾಸ ಸಿಕ್ಕರೆ 0.06 ಮಿ.ಮೀ. ಸಂದು ಬಿಡುತ್ತದೆ, ಸಾಕು. ಅರ್ಧ ನಿಮಿಷದ ಒಳಗೆ ತಿರುಗಿಸಿ ಎಳೆಯಿರಿ, ತಡ ಮಾಡಿದರೆ ಎರಡೂ ಒಂದೇ ಬಿಸಿಯಾಗಿಬಿಡುತ್ತವೆ.

ಬೆಣ್ಣೆ ಕಾವಲಿ

ಬಂತು! ಮೊನ್ನೆ ಒಳಗಿನ ಲೋಟಕ್ಕೇ ಕುದಿಯುವ ನೀರು ಸುರಿದು ಇನ್ನೂ ಬಿಗಿ ಮಾಡಿದ್ದು ನಾನೇ ಅಂತ ಮನೆಯಲ್ಲಿ ಹೇಳಿಲ್ಲ. ಎರಡು ದಿನ ಯಜಮಾನರ ಕೈಯಲ್ಲೇ ಎಳೆಸಿದ್ದೆ.